ವಾರಂಟಿ ಮುಗಿದ ಲ್ಯಾಪ್‌ಟಾಪೂ ಮಲೆನಾಡಿನ ಮಳೆಗಾಲವೂ

ಪಶ್ಚಿಮಘಟ್ಟದ ಮಡಿಲಲ್ಲಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಆಷಾಢವು ಕಾಲಿಟ್ಟಿತೆಂದರೆ ಮನೆಯ ಪ್ರತಿಯೊಂದು ವಸ್ತುವೂ ಮಳೆಯೊಡನೆ ಹೋರಾಡಬೇಕಾಗುತ್ತದೆ. ಒಣಗಿಸಿದ ಅಡಕೆಗೆ ಬೂಸಲು ಹಿಡಿಯುತ್ತದೆ, ಹಪ್ಪಳವು ಮೆತ್ತಗಾಗುತ್ತದೆ, ಕಪಾಟಿನಲ್ಲಿಟ್ಟ ಪುಸ್ತಕಗಳ ಹಾಳೆಗಳು ಅಂಟಿಕೊಳ್ಳುತ್ತವೆ, ತಾಮ್ರದ ಹಂಡೆಗೆ ಕಿಲುಬು ಕಟ್ಟುತ್ತದೆ. ಇವೆಲ್ಲವನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದುದರಿಂದಲೇ ಒಲೆಯ ಮೇಲ್ಭಾಗದಲ್ಲಿ ಅಟ್ಟವನ್ನು ಕಟ್ಟಿ, ಕೆಡಬಾರದ ವಸ್ತುಗಳನ್ನು ಬಿಸಿಯಲ್ಲಿಯೂ ಹೊಗೆಯಲ್ಲಿಯೂ ಇರಿಸುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಈ ಹೋರಾಟಕ್ಕೆ ಹೊಸದೊಂದು ವಸ್ತುವು ಸೇರಿದೆ. ಅದೇ ಲ್ಯಾಪ್‌ಟಾಪ್.

ವಿದ್ಯಾರ್ಥಿಗಳ ಪಾಲಿಗೆ ಲ್ಯಾಪ್‌ಟಾಪ್ ಇಂದು ಭೋಗವಸ್ತುವಲ್ಲ, ಪಠ್ಯಪುಸ್ತಕದಷ್ಟೇ ಅವಶ್ಯವಾದ ಸಾಧನ. ಅನೇಕ ಮನೆಗಳಲ್ಲಿ ಅದನ್ನು ಕೊಳ್ಳುವುದಕ್ಕಾಗಿ ಸಾಲ ಮಾಡಿರುತ್ತಾರೆ, ಅಥವಾ ಒಂದು ವರ್ಷದ ಅಡಕೆಯ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿರುತ್ತಾರೆ. ಅಂತಹ ಯಂತ್ರವು ವಾರಂಟಿಯ ಅವಧಿ ಮುಗಿದ ಒಂದೆರಡು ತಿಂಗಳಲ್ಲಿಯೇ ಒಂದು ಬೆಳಗ್ಗೆ ಏಳದೆ ಹೋದರೆ ಆಗುವ ಸಂಕಟವು ಅಷ್ಟಿಷ್ಟಲ್ಲ. ಗ್ರಾಹಕ ಸೇವೆಯ ದೂರವಾಣಿಗೆ ಕರೆ ಮಾಡಿದರೆ ಪ್ರತಿ ಸಲವೂ ಹೊಸಬರೊಬ್ಬರು ಮಾತನಾಡುತ್ತಾರೆ, ಹೇಳಿದ್ದನ್ನೇ ಮೊದಲಿನಿಂದ ಹೇಳಬೇಕು, ಕೊನೆಗೆ ದೊರೆಯುವ ಉತ್ತರವು ಒಂದೇ: “ವಾರಂಟಿ ಮುಗಿದಿದೆ, ಮದರ್‌ಬೋರ್ಡನ್ನು ಬದಲಾಯಿಸಬೇಕು.”

ಕೋಪಗೊಳ್ಳುವುದು ಸಹಜ. ಆದರೆ ಕೋಪದಿಂದ ಯಂತ್ರವು ಓಡುವುದಿಲ್ಲ. ಯಂತ್ರವು ಏಕೆ ಕೆಟ್ಟಿತು, ವಾರಂಟಿಯೆಂಬುದರ ನಿಜವಾದ ಅರ್ಥವೇನು, ನಮಗೆ ಕೇಳುವ ಹಕ್ಕು ಎಷ್ಟರಮಟ್ಟಿಗಿದೆ ಎಂಬೀ ಮೂರು ಪ್ರಶ್ನೆಗಳಿಗೆ ಉತ್ತರವನ್ನು ತಿಳಿದವನು ಸೇವಾ ಕೇಂದ್ರದವರೊಡನೆ ಬೇರೆಯೇ ರೀತಿಯಲ್ಲಿ ಮಾತನಾಡಬಲ್ಲನು. ಪ್ರೌಢಶಾಲೆಯ ಮತ್ತು ಕಾಲೇಜಿನ ಭೌತಶಾಸ್ತ್ರವು ಈ ಕೆಲಸಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಹೇಗೆಂಬುದನ್ನು ನೋಡೋಣ.

ವಾರಂಟಿಯ ಹಿಂದಿರುವ ಗಣಿತ

ಒಂದೇ ಬಗೆಯ ಸಾವಿರಾರು ಯಂತ್ರಗಳು ಯಾವ ಯಾವ ತಿಂಗಳಲ್ಲಿ ಎಷ್ಟೆಷ್ಟು ಕೆಡುತ್ತವೆಂಬುದನ್ನು ನಕ್ಷೆಯಲ್ಲಿ ಗುರುತಿಸಿದರೆ ದೊರೆಯುವ ರೇಖೆಯು ಸ್ನಾನದ ತೊಟ್ಟಿಯ ಅಡ್ಡಕೊಯ್ತದಂತೆ ಕಾಣುತ್ತದೆ. ಎಡಗಡೆಯಲ್ಲಿ ಅದು ಎತ್ತರದಿಂದ ಕೆಳಗಿಳಿಯುತ್ತದೆ. ನಡುವೆ ಬಹು ದೂರ ಸಮತಟ್ಟಾಗಿರುತ್ತದೆ. ಬಲಗಡೆಯಲ್ಲಿ ಮತ್ತೆ ಮೇಲೇರುತ್ತದೆ. ಬೆಸುಗೆ ಸರಿಯಾಗಿ ಕೂಡದ, ಹುಟ್ಟಿನಲ್ಲಿಯೇ ದೋಷವುಳ್ಳ ಯಂತ್ರಗಳು ಮೊದಲ ಕೆಲವು ತಿಂಗಳಲ್ಲಿ ಕೆಡುತ್ತವೆ. ಉಳಿದವು ಬಹುಕಾಲ ಬಾಳುತ್ತವೆ. ಆಗೊಮ್ಮೆ ಈಗೊಮ್ಮೆ ಯಾವುದೋ ಆಕಸ್ಮಿಕ ಕಾರಣದಿಂದ ಒಂದೊಂದು ಕೆಡುತ್ತದೆ. ಕೊನೆಗೆ ಸವೆತದಿಂದಾಗಿ ಎಲ್ಲವೂ ಬೇಗ ಬೇಗ ಕೆಡತೊಡಗುತ್ತವೆ. ತಯಾರಕರು ಸಾಮಾನ್ಯವಾಗಿ ಕೊಡುವ ಒಂದು ವರ್ಷದ ವಾರಂಟಿಯು ಈ ರೇಖೆಯ ಮೊದಲ ಇಳಿಜಾರನ್ನು ಆವರಿಸುತ್ತದೆ. ಎಂದರೆ ವಾರಂಟಿಯು ಯಂತ್ರದ ಆಯುಷ್ಯದ ಅಳತೆಯಲ್ಲ. ಹುಟ್ಟುದೋಷದ ಹೊಣೆಯನ್ನು ತಯಾರಕನು ಹೊರುವ ಅವಧಿ ಮಾತ್ರ.

“ವಾರಂಟಿ ಮುಗಿದ ಕೂಡಲೆ ಕೆಡುವಂತೆಯೇ ಇದನ್ನು ಮಾಡಿರುತ್ತಾರೆ” ಎಂದು ಹಲವರು ಹೇಳುವುದುಂಟು. ಈ ಮಾತನ್ನು ಲೆಕ್ಕದಿಂದ ಪರೀಕ್ಷಿಸೋಣ. ಲೆಕ್ಕದ ಅನುಕೂಲಕ್ಕಾಗಿ, 1000 ಯಂತ್ರಗಳಿವೆಯೆಂದೂ ವರ್ಷಕ್ಕೆ ಶೇಕಡ 5ರಷ್ಟು ಒಂದೇ ಸಮನಾಗಿ ಕೆಡುತ್ತವೆಯೆಂದೂ ಊಹಿಸಿಕೊಳ್ಳೋಣ. ಮೊದಲ ವರ್ಷದ ಕೊನೆಗೆ ಸುಮಾರು 950 ಉಳಿಯುತ್ತವೆ. ಹದಿಮೂರನೆಯ ತಿಂಗಳಲ್ಲಿ ಕೆಡುವುವು 950 × 0.05 ÷ 12, ಅಂದರೆ ಸುಮಾರು 4. ಹನ್ನೆರಡನೆಯ ತಿಂಗಳಲ್ಲಿ ಕೆಟ್ಟವೂ ಹೆಚ್ಚುಕಡಮೆ ನಾಲ್ಕೇ. ಆ ನಾಲ್ವರ ಯಂತ್ರಗಳು ಬಿಟ್ಟಿಯಾಗಿ ದುರಸ್ತಿಯಾದವು. ಅವರು ವಿಷಯವನ್ನು ಮರೆತರು. ಈ ನಾಲ್ವರು ಹಣ ತೆರಬೇಕಾಯಿತು. ಇವರು ಜನ್ಮಾವಧಿ ನೆನೆಯುತ್ತಾರೆ, ಹತ್ತು ಜನರೊಡನೆ ಹೇಳುತ್ತಾರೆ. ಆದುದರಿಂದ ಹದಿಮೂರನೆಯ ತಿಂಗಳಲ್ಲಿ ಕೆಟ್ಟಿತೆಂಬುದಷ್ಟೇ ಮೋಸಕ್ಕೆ ಸಾಕ್ಷಿಯಾಗಲಾರದು. ಹಾಗೆಯೇ, ಹನ್ನೆರಡು ತಿಂಗಳು ನಡೆಯಿತೆಂಬುದಷ್ಟೇ ಯಂತ್ರವು ನಿರ್ದೋಷವಾಗಿತ್ತೆಂಬುದಕ್ಕೂ ಸಾಕ್ಷಿಯಲ್ಲ. ಎರಡು ಪಕ್ಷದವರೂ ತಾರೀಖನ್ನು ಬಿಟ್ಟು ದೋಷದ ಸ್ವರೂಪವನ್ನು ನೋಡಬೇಕು.

ಗಾಳಿಯಲ್ಲಡಗಿರುವ ನೀರು

ಶೃಂಗೇರಿಗೂ ಕೊಪ್ಪಕ್ಕೂ ನೆರೆಯಾದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸುಮಾರು 1000 ಮಿಲಿಮೀಟರು. ತುಂಗೆಯ ದಡದ ಶೃಂಗೇರಿಯಲ್ಲಾಗಲಿ, ಭದ್ರಾ ಜಲಾಶಯದ ಹಿನ್ನೀರಿನ ಬಳಿಯ ನರಸಿಂಹರಾಜಪುರದಲ್ಲಾಗಲಿ, ಮಳೆಗಾಲದ ಬೆಳಗಿನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡ 90ನ್ನು ಮೀರುವುದು ವಿಶೇಷವೇನಲ್ಲ.

ಗಾಳಿಯು ಹಿಡಿದಿಡಬಲ್ಲ ನೀರಾವಿಯ ಪ್ರಮಾಣವು ಉಷ್ಣತೆಯೊಡನೆ ಹೆಚ್ಚುತ್ತದೆ. ಒಂದು ಘನ ಮೀಟರು ಗಾಳಿಯು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ 17.3 ಗ್ರಾಂ, 22 ಡಿಗ್ರಿಯಲ್ಲಿ 19.4 ಗ್ರಾಂ, 24 ಡಿಗ್ರಿಯಲ್ಲಿ 21.8 ಗ್ರಾಂ, 28 ಡಿಗ್ರಿಯಲ್ಲಿ 27.2 ಗ್ರಾಂ ನೀರಾವಿಯನ್ನು ಧರಿಸಬಲ್ಲದು. ಈಗ ಒಂದು ಕೋಣೆಯ ಉಷ್ಣತೆಯು 24 ಡಿಗ್ರಿ, ಸಾಪೇಕ್ಷ ಆರ್ದ್ರತೆಯು ಶೇಕಡ 90 ಇದೆಯೆಂದಿಟ್ಟುಕೊಳ್ಳೋಣ. ಆಗ ಅಲ್ಲಿನ ನೀರಾವಿಯು 21.8 × 0.9, ಅಂದರೆ 19.6 ಗ್ರಾಂ. ಇದು 22 ಡಿಗ್ರಿಯಲ್ಲಿ ಗಾಳಿಯು ಧರಿಸಬಲ್ಲುದಕ್ಕಿಂತ ತುಸು ಹೆಚ್ಚು. ಆದುದರಿಂದ ಕೋಣೆಗಿಂತ ಎರಡೇ ಡಿಗ್ರಿ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಇಬ್ಬನಿಯು ಕೂರುತ್ತದೆ. ಈ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು.

ಬೆಳಗಿನ ಚಳಿಯಲ್ಲಿ ಬಸ್ಸಿನಲ್ಲಿ ತಂದ ಲ್ಯಾಪ್‌ಟಾಪನ್ನು ಜನರು ತುಂಬಿದ ಬೆಚ್ಚಗಿನ ತರಗತಿಯಲ್ಲಿ ತೆರೆದರೆ ಆಗುವುದು ಇದೇ. ಕನ್ನಡಕವು ಮಂಜಾಗುವುದನ್ನು ನಾವು ಕಾಣುತ್ತೇವೆ. ಯಂತ್ರದ ಒಳಗಿನ ಲೋಹದ ಭಾಗಗಳು ಮಂಜಾಗುವುದನ್ನು ಕಾಣುವುದಿಲ್ಲ. ಲ್ಯಾಪ್‌ಟಾಪಿನ ಕೈಪಿಡಿಯ ಕೊನೆಯ ಪುಟಗಳನ್ನು ಒಮ್ಮೆ ತೆರೆದು ನೋಡಿರಿ. ಬಹುಮಟ್ಟಿಗೆ ಎಲ್ಲದರಲ್ಲಿಯೂ “ಇಷ್ಟು ಆರ್ದ್ರತೆಯವರೆಗೆ, ನೀರು ಸಾಂದ್ರೀಕರಿಸದ ಸ್ಥಿತಿಯಲ್ಲಿ ಮಾತ್ರ” ಎಂಬ ನಿಬಂಧನೆ ಇರುತ್ತದೆ. ಅನೇಕ ಮಾದರಿಗಳಿಗೆ ಆ ಮಿತಿಯು ಶೇಕಡ 90. ನಮ್ಮ ಮಳೆಗಾಲವು ಈ ಮಿತಿಯ ಅಂಚಿನಲ್ಲಿಯೇ ತಿಂಗಳುಗಟ್ಟಲೆ ನಿಂತಿರುತ್ತದೆ.

ನೀರು, ಲವಣ ಮತ್ತು ವಿದ್ಯುತ್ತು

ಪರಿಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಕಡಮೆ ಹರಿಯಗೊಡುತ್ತದೆ. ಆದರೆ ಫಲಕದ ಮೇಲೆ ಕೂತ ಧೂಳು, ಬೆಸುಗೆಯ ಕಾಲದ ರಾಸಾಯನಿಕದ ಉಳಿಕೆ, ಬೆರಳಿನ ಬೆವರಿನ ಉಪ್ಪು ಇವು ಇಬ್ಬನಿಯಲ್ಲಿ ಕರಗಿದೊಡನೆ ಅಯಾನುಗಳು ಉತ್ಪನ್ನವಾಗುತ್ತವೆ, ನೀರಿನ ಪೊರೆಯು ವಾಹಕವಾಗುತ್ತದೆ. ಇನ್ನು, ಮದರ್‌ಬೋರ್ಡಿನ ಮೇಲೆ ಎರಡು ಲೋಹದ ತುದಿಗಳ ನಡುವಣ ಅಂತರವು 0.2 ಮಿಲಿಮೀಟರು, ಅವುಗಳ ನಡುವಣ ವಿಭವಾಂತರವು 12 ವೋಲ್ಟ್ ಇದೆಯೆನ್ನಿ. ಅಲ್ಲಿನ ವಿದ್ಯುತ್ ಕ್ಷೇತ್ರದ ತೀವ್ರತೆಯು 12 ÷ 0.0002, ಅಂದರೆ ಮೀಟರಿಗೆ 60,000 ವೋಲ್ಟ್. ವಿಭವಾಂತರವು ಅಲ್ಪವಾದರೂ ಅಂತರವು ಅತ್ಯಲ್ಪವಾದುದರಿಂದ ಕ್ಷೇತ್ರವು ಪ್ರಬಲವಾಗಿದೆ.

ಈ ಕ್ಷೇತ್ರದಲ್ಲಿ ಪ್ರಯೋಗಶಾಲೆಯ ವಿದ್ಯುದ್ವಿಭಜನೆಯೇ ಸೂಕ್ಷ್ಮರೂಪದಲ್ಲಿ ನಡೆಯುತ್ತದೆ. ಧನಾಗ್ರದಲ್ಲಿರುವ ತಾಮ್ರ, ತವರ ಅಥವಾ ಬೆಳ್ಳಿಯು ಅಯಾನಾಗಿ ಕರಗಿ, ಋಣಾಗ್ರದ ಕಡೆಗೆ ಸಾಗಿ, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಹೀಗೆ ಕೂತ ಲೋಹವು ಜರೀಗಿಡದ ಎಲೆಯಂತೆ ಕವಲೊಡೆಯುತ್ತ ಎದುರಿನ ತುದಿಯತ್ತ ಬೆಳೆಯುತ್ತದೆ. ಅದು ತಾಗಿದ ಕ್ಷಣ ಹ್ರಸ್ವಮಂಡಲವಾಗುತ್ತದೆ. ಇಲ್ಲಿ ಗಮನಿಸತಕ್ಕ ಮುಖ್ಯವಾದ ಅಂಶವೊಂದಿದೆ: ತೇವ ಮತ್ತು ವಿಭವಾಂತರ ಇವೆರಡೂ ಒಟ್ಟಿಗಿದ್ದಾಗ ಮಾತ್ರ ಈ ಕ್ರಿಯೆ ನಡೆಯುತ್ತದೆ. ಒದ್ದೆಯಾದ ಯಂತ್ರವನ್ನು “ನಡೆಯುತ್ತದೆಯೋ ನೋಡೋಣ” ಎಂದು ಚಾಲೂ ಮಾಡುವುದು ಈ ಕಾರಣದಿಂದಲೇ ಅಪಾಯಕರ. ಯಂತ್ರವನ್ನು ಆರಿಸಿದ್ದರೂ ಒಳಗಿನ ಬ್ಯಾಟರಿಯಿಂದ ಕೆಲವು ಭಾಗಗಳಲ್ಲಿ ವಿಭವಾಂತರವು ಸದಾ ಇರುತ್ತದೆಂಬುದನ್ನೂ ಮರೆಯಬಾರದು.

ವಿವಾದವು ಹುಟ್ಟುವುದು ಇಲ್ಲಿಯೇ. ಸೇವಾ ಕೇಂದ್ರದವರು ಫಲಕದ ಮೇಲೆ ಕಿಲುಬನ್ನು ಕಂಡು “ದ್ರವದಿಂದಾದ ಹಾನಿ” ಎಂದು ಬರೆಯುತ್ತಾರೆ. ಗ್ರಾಹಕರು “ನಾವು ನೀರನ್ನು ಚೆಲ್ಲಿಯೇ ಇಲ್ಲ” ಎಂದು ಆಣೆಯಿಟ್ಟು ಹೇಳುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು! ನೀರು ಲೋಟದಿಂದ ಬೀಳಲಿಲ್ಲ, ಗಾಳಿಯಿಂದ ಬಂದಿತು. ಚೆಲ್ಲಿದ ದ್ರವವಾದರೆ ಸಾಮಾನ್ಯವಾಗಿ ಕೀಲಿಮಣೆಯ ಕೆಳಗೆ ಒಂದೆಡೆ ಅಂಚುಕಟ್ಟಿದ ಕಲೆಯನ್ನೂ ಅಂಟನ್ನೂ ಬಿಡುತ್ತದೆ. ಇಬ್ಬನಿಯ ಕಿಲುಬು ಚದುರಿದಂತೆ ಅಲ್ಲಲ್ಲಿ ಕಾಣುತ್ತದೆ. ಆದುದರಿಂದ “ದ್ರವ ಹಾನಿ” ಎಂಬ ಎರಡು ಪದಗಳಿಗೆ ತೃಪ್ತರಾಗದೆ, ಕಲೆಯು ಎಲ್ಲಿದೆ, ಹೇಗಿದೆ ಎಂಬುದರ ಛಾಯಾಚಿತ್ರವನ್ನು ಕೇಳಿ ಪಡೆಯುವುದು ಯುಕ್ತ.

ಸಿಡಿಲಿನ ಪಾತ್ರ

ಮಲೆನಾಡಿನ ವಿದ್ಯುತ್ ತಂತಿಗಳು ಕಾಡು ಮತ್ತು ತೋಟಗಳ ನಡುವೆ ಹಾದುಬರುತ್ತವೆ. ಬೇಸಗೆಯ ಕೊನೆಯ ಗುಡುಗುಮಳೆಯಲ್ಲಿ ದೀಪವು ಮಂಕಾಗುವುದೂ ಹೋಗಿಬರುವುದೂ ನಿತ್ಯದ ಅನುಭವ. ವೋಲ್ಟೇಜು ಕಡಮೆಯಾದುದರಿಂದ ಲ್ಯಾಪ್‌ಟಾಪು ಕೆಟ್ಟಿತೆಂದು ಅನೇಕರು ತಿಳಿಯುತ್ತಾರೆ. ಆದರೆ ಈಗಿನ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗಿನ ಯಾವ ವಿಭವಾಂತರವನ್ನಾದರೂ ಸ್ವೀಕರಿಸುವಂತೆ ರಚಿತವಾಗಿವೆ. ಅವುಗಳ ಬೆನ್ನಿನ ಮೇಲೆಯೇ ಇದು ಮುದ್ರಿತವಾಗಿದೆ. ದೀಪವು ಮಂಕಾಗುವಷ್ಟರಿಂದ ಅವಕ್ಕೆ ಹೆಚ್ಚಿನ ತೊಂದರೆಯಿಲ್ಲ. ನಿಜವಾದ ಶತ್ರುವು ಕ್ಷಣಮಾತ್ರದ ಹೊಡೆತ.

ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ. ಸಿಡಿಲಿನ ಒಂದು ಸಾಧಾರಣ ಹೊಡೆತದಲ್ಲಿ 30,000 ಆಂಪಿಯರ್ ಪ್ರವಾಹವು 3 ಮೈಕ್ರೊಸೆಕೆಂಡಿನಲ್ಲಿ ಏರುತ್ತದೆಯೆಂದಿಟ್ಟುಕೊಂಡರೆ, ಪ್ರವಾಹದ ಬದಲಾವಣೆಯ ವೇಗವು ಸೆಕೆಂಡಿಗೆ ಸಾವಿರ ಕೋಟಿ ಆಂಪಿಯರ್. ಮನೆಯೊಳಗೆ ವಿದ್ಯುತ್ ತಂತಿಯೂ ಅಂತರ್ಜಾಲದ ತಂತಿಯೂ ಬೇರೆ ಬೇರೆ ದಾರಿಯಲ್ಲಿ ಬಂದು ಲ್ಯಾಪ್‌ಟಾಪಿನಲ್ಲಿ ಕೂಡುತ್ತವೆ. ಇವೆರಡೂ ಸೇರಿ ಒಂದು ದೊಡ್ಡ ಕುಣಿಕೆಯಾಗುತ್ತದೆ. ಆ ಕುಣಿಕೆಯು 5 ಮೀಟರು ಎತ್ತರ, 10 ಮೀಟರು ಅಗಲವಿದ್ದು, ಸಿಡಿಲು 100 ಮೀಟರು ದೂರದ ಮರಕ್ಕೆ ಬಡಿದರೆ, ಅವೆರಡರ ನಡುವಣ ಅನ್ಯೋನ್ಯ ಪ್ರೇರಕತ್ವವು ಸುಮಾರು ಒಂದು ಹೆನ್ರಿಯ ಕೋಟಿಯಲ್ಲೊಂದು ಭಾಗ. ಫ್ಯಾರಡೆಯ ನಿಯಮದಂತೆ ಇವೆರಡನ್ನೂ ಗುಣಿಸಿದರೆ ಕುಣಿಕೆಯಲ್ಲಿ ಪ್ರೇರಿತವಾಗುವ ವಿಭವಾಂತರವು 1000 ವೋಲ್ಟ್! ಐದು ಅಥವಾ ಇಪ್ಪತ್ತು ವೋಲ್ಟಿಗೆಂದು ಮಾಡಿದ ಅರೆವಾಹಕಗಳು ಇದನ್ನು ಹೇಗೆ ತಾಳಿಯಾವು? ಗುಡುಗು ಕೇಳಿದೊಡನೆ ಗುಂಡಿಯನ್ನು ಆರಿಸಿದರೆ ಸಾಲದು, ಎರಡೂ ತಂತಿಗಳನ್ನು ಕಿತ್ತಿಡಬೇಕೆಂಬ ಹಿರಿಯರ ಮಾತು ಈ ಲೆಕ್ಕದಿಂದ ಸಮರ್ಥಿತವಾಗುತ್ತದೆ.

ಒಂದು ನಿದರ್ಶನ

ಪದವಿಯ ಕೊನೆಯ ವರ್ಷದಲ್ಲಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪು ಕೊಂಡ ಹದಿನಾಲ್ಕನೆಯ ತಿಂಗಳಲ್ಲಿ ಕೆಟ್ಟಿತು. ತಾಯಿಯು ಸಂಘದಿಂದ ಸಾಲ ಪಡೆದು ಕೊಡಿಸಿದ ಯಂತ್ರವದು. ಸಾಲದ ಕಂತುಗಳು ಇನ್ನೂ ಉಳಿದಿದ್ದವು, ಯಂತ್ರವು ಮಾತ್ರ ಉಳಿಯಲಿಲ್ಲ. ಪರೀಕ್ಷೆಗೆ ಮುನ್ನ ಒಪ್ಪಿಸಬೇಕಾದ ಪ್ರಬಂಧವು ಅದರೊಳಗೇ ಇತ್ತು. ಐದಾರು ಸಲ ದೂರವಾಣಿ ಮಾಡಿ, ದೂರದ ನಗರದ ಸೇವಾ ಕೇಂದ್ರಕ್ಕೆ ಒಂದು ದಿನದ ಪ್ರಯಾಣ ಮಾಡಿ ಬಂದ ಬಳಿಕ ದೊರೆತ ಉತ್ತರವು ಎರಡು ಸಾಲಿನದು: ದ್ರವ ಹಾನಿ, ಮದರ್‌ಬೋರ್ಡಿನ ಬದಲಾವಣೆ. ಹೇಳಿದ ಬೆಲೆಯು ಹೊಸ ಯಂತ್ರದ ಬೆಲೆಯ ಅರ್ಧಕ್ಕೂ ಹೆಚ್ಚು. “ಸಾರ್, ಯಾವ ಭಾಗ ಹೋಗಿದೆ ಅಂತ ಕೇಳಿದರೆ ಅದನ್ನು ಹೇಳೋದಕ್ಕೆ ಬರೋದಿಲ್ಲ ಅಂತಾರೆ” ಎಂದು ಆಕೆ ಹೇಳಿದಳು. ಪ್ರಶ್ನೆಯು ಸರಿಯಾದ ಪ್ರಶ್ನೆಯೇ ಆಗಿತ್ತು.

ಬ್ಯಾಟರಿಯ ಸಂಪರ್ಕವನ್ನು ತೆಗೆದು, ಫಲಕದ ವಿದ್ಯುತ್ ಪ್ರವೇಶದ ದಾರಿಗೂ ಭೂಬಿಂದುವಿಗೂ ನಡುವಣ ರೋಧವನ್ನು ಪ್ರಯೋಗಶಾಲೆಯ ಮಲ್ಟಿಮೀಟರಿನಿಂದ ಅಳೆದೆವು. ಸಾವಿರಾರು ಓಮ್ ಇರಬೇಕಾದಲ್ಲಿ ಅರ್ಧ ಓಮ್ ಮಾತ್ರ ಇದ್ದಿತು. ಎಲ್ಲಿಯೋ ಹ್ರಸ್ವಮಂಡಲವಾಗಿದೆ ಎಂಬುದು ಖಚಿತವಾಯಿತು. ಆದರೆ ನೂರಾರು ಭಾಗಗಳಲ್ಲಿ ಯಾವುದು? ಹೊಂದಿಸಬಹುದಾದ ವಿದ್ಯುದಾಕರದಿಂದ 1 ವೋಲ್ಟನ್ನು ಮಾತ್ರ ಕೊಟ್ಟೆವು. ಓಮನ ನಿಯಮದಂತೆ 2 ಆಂಪಿಯರ್ ಹರಿಯಿತು. 2 ವಾಟ್ ಸಾಮರ್ಥ್ಯವು ಶಾಖವಾಗಿ ಪರಿಣಮಿಸಿತು. ಈ ಶಾಖದ ಬಹುಭಾಗವು ಕೆಟ್ಟ ಭಾಗದಲ್ಲಿಯೇ ಉತ್ಪನ್ನವಾಗಬೇಕಷ್ಟೆ. ಫಲಕದ ಮೇಲೆ ಶುದ್ಧ ಆಲ್ಕೊಹಾಲನ್ನು ತೆಳುವಾಗಿ ಸವರಿದಾಗ ಅಕ್ಕಿಯ ನುಚ್ಚಿಗಿಂತಲೂ ಚಿಕ್ಕದಾದ ಒಂದು ಧಾರಕದ ಮೇಲಿನದು ಎಲ್ಲಕ್ಕಿಂತ ಮೊದಲು ಆರಿತು. ಅದರ ಪಕ್ಕದಲ್ಲಿ ಹಸಿರು ಕಿಲುಬೂ ಇದ್ದಿತು. ಊರಿನ ಮೊಬೈಲು ದುರಸ್ತಿಗಾರರೊಬ್ಬರು ಅದನ್ನು ತೆಗೆದು ಬೇರೊಂದನ್ನು ಬೆಸೆದರು. ಕೆಲವೇ ರೂಪಾಯಿ ಬೆಲೆಯ ಭಾಗವದು. ಯಂತ್ರವು ಎದ್ದಿತು; ಪ್ರಬಂಧವು ದೊರೆಯಿತು.

ಹಾಗಾದರೆ ಸೇವಾ ಕೇಂದ್ರದವರು ಸುಳ್ಳು ಹೇಳಿದರೆ? ಇಲ್ಲ. ಅವರ ಪದ್ಧತಿಯಲ್ಲಿ ಬದಲಿಸಬಹುದಾದ ಅತಿ ಚಿಕ್ಕ ಘಟಕವೆಂದರೆ ಇಡೀ ಫಲಕವೇ. ಫಲಕವನ್ನು ಬದಲಿಸಲು ಅಲ್ಪ ತರಬೇತಿ ಸಾಕು, ಅರ್ಧ ಗಂಟೆಯ ಕೆಲಸ. ಧಾರಕವನ್ನು ಹುಡುಕಲು ನುರಿತ ಕೈಯೂ ಫಲಕದ ನಕ್ಷೆಯೂ ಬೇಕು. ನಕ್ಷೆಯನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಕೊಡುವುದಿಲ್ಲ. ಈ ಪದ್ಧತಿಯು ತಯಾರಕರಿಗೆ ಅನುಕೂಲ. ಅದರ ವೆಚ್ಚವನ್ನು ಹೊರುವವರು ಗ್ರಾಹಕರು. ಪ್ರತಿ ಯಂತ್ರವೂ ಹೀಗೆಯೇ ಬದುಕುತ್ತದೆಂದು ತಿಳಿಯಬಾರದು. ಮುಖ್ಯ ಸಂಸ್ಕಾರಕವೇ ಸುಟ್ಟಿದ್ದರೆ ಫಲಕದ ಬದಲಾವಣೆಯೇ ದಾರಿ.

ದೋಷವನ್ನು ಹುಡುಕುವ ಕ್ರಮ

ವಿಜ್ಞಾನದಲ್ಲಿ ಕಾರಣವನ್ನು ಕಂಡುಹಿಡಿಯುವುದು ಒಂದೊಂದನ್ನಾಗಿ ತಳ್ಳಿಹಾಕುವ ಕ್ರಮದಿಂದ. ಸೇವಾ ಕೇಂದ್ರಕ್ಕೆ ಹೋಗುವ ಮೊದಲು ಯಾವ ವಿದ್ಯಾರ್ಥಿಯಾದರೂ ಹೀಗೆ ಮಾಡಬಹುದು.

ಮೊದಲನೆಯದಾಗಿ, ಬೇರೊಂದು ಗೋಡೆಯ ಸಾಕೆಟ್ಟಿನಲ್ಲಿ ಪರೀಕ್ಷಿಸಿರಿ. ಎರಡನೆಯದಾಗಿ, ದುಂಡು ತುದಿಯ ಅಡಾಪ್ಟರಾದರೆ ಅದರ ಹೊರವಿಭವಾಂತರವನ್ನು ಅಳೆದು ಬೆನ್ನಿನ ಮೇಲೆ ಬರೆದಿರುವುದರೊಡನೆ ಹೋಲಿಸಿರಿ. ಟೈಪ್-ಸಿ ತುದಿಯ ಅಡಾಪ್ಟರು ಯಂತ್ರದೊಡನೆ ಸಂಕೇತ ವಿನಿಮಯವಾಗುವವರೆಗೆ 5 ವೋಲ್ಟಿಗಿಂತ ಹೆಚ್ಚು ಕೊಡುವುದಿಲ್ಲವಾದ್ದರಿಂದ ಅದನ್ನು ಬೇರೊಂದು ಯಂತ್ರದಲ್ಲಿಯೇ ಪರೀಕ್ಷಿಸಬೇಕು. ಮೂರನೆಯದಾಗಿ, ಅಡಾಪ್ಟರನ್ನು ತೆಗೆದು ಚಾಲನೆಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಬಳಿಕ ಮತ್ತೆ ಯತ್ನಿಸಿರಿ. ನಾಲ್ಕನೆಯದಾಗಿ, ದೀಪವು ಮಿನುಗುವ ಅಥವಾ ಕೂಗು ಬರುವ ಸಂಖ್ಯೆಯನ್ನು ಬರೆದುಕೊಳ್ಳಿರಿ. ಅನೇಕ ಮಾದರಿಗಳಲ್ಲಿ ಅದು ದೋಷದ ಸಂಕೇತ. ಐದನೆಯದಾಗಿ, ಫ್ಯಾನು ತಿರುಗಿಯೂ ಪರದೆಯು ಕಪ್ಪಾಗಿದ್ದರೆ ಹೊರಗಿನ ಪರದೆಯೊಂದನ್ನು ಜೋಡಿಸಿ ನೋಡಿರಿ.

ಎರಡು ಎಚ್ಚರಿಕೆಗಳು ಅಗತ್ಯ. ಬ್ಯಾಟರಿಯು ಉಬ್ಬಿದ್ದರೆ ಯಂತ್ರವನ್ನು ಚಾರ್ಜು ಮಾಡಲೂಬಾರದು, ಒತ್ತಲೂಬಾರದು. ಲಿಥಿಯಂ ಬ್ಯಾಟರಿಯು ತೂತಾದರೆ ಬೆಂಕಿ ಹತ್ತಬಹುದು. ಅಡಾಪ್ಟರಿನ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. 230 ವೋಲ್ಟಿನ ಪರ್ಯಾಯ ಪ್ರವಾಹದ ಶಿಖರಮೌಲ್ಯವು 325 ವೋಲ್ಟ್, ತಂತಿಯನ್ನು ಕಿತ್ತ ಮೇಲೆಯೂ ಒಳಗಿನ ಧಾರಕದಲ್ಲಿ ಅದು ಸ್ವಲ್ಪಕಾಲ ಉಳಿದಿರಬಹುದು.

ಈ ಫಲಿತಾಂಶಗಳನ್ನು ತಾರೀಖಿನೊಡನೆ ಬರೆದು ಸೇವಾ ಕೇಂದ್ರಕ್ಕೆ ಬರಹದಲ್ಲಿಯೇ ಕಳುಹಿಸಿರಿ. “ನಿಮ್ಮ ಯಂತ್ರವು ಕಳಪೆ” ಎಂಬ ವಾಕ್ಯಕ್ಕೆ ಉತ್ತರವಿಲ್ಲ. “ಅಡಾಪ್ಟರು 19.5 ವೋಲ್ಟ್ ಕೊಡುತ್ತಿದೆ, ದೀಪವು ಮೂರು ಸಲ ಮಿನುಗುತ್ತಿದೆ. ಕೆಟ್ಟ ಭಾಗ ಯಾವುದು, ಯಾವ ಪರೀಕ್ಷೆಯಿಂದ ತಿಳಿಯಿತು?” ಎಂಬ ವಾಕ್ಯಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಕಾನೂನಿನ ನೆರವು

ನಮ್ಮ ದೇಶದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಸರಕಿನ ಗುಣದಲ್ಲಿರುವ ಕೊರತೆಗೆ ದೋಷವೆಂದೂ, ಸೇವೆಯಲ್ಲಿರುವ ಕೊರತೆಗೆ ನ್ಯೂನತೆಯೆಂದೂ ಅದು ಹೆಸರಿಸುತ್ತದೆ. ಎರಡಕ್ಕೂ ದೂರನ್ನು ಕೊಡಬಹುದು. ವಾರಂಟಿಯು ಮುಗಿದ ಮಾತ್ರಕ್ಕೆ ಈ ಬಾಗಿಲು ತಾನಾಗಿ ಮುಚ್ಚಿಹೋಗುವುದಿಲ್ಲ. ಆದರೆ ತಯಾರಿಕೆಯ ದೋಷವು ಮೊದಲಿನಿಂದಲೇ ಇದ್ದಿತೆಂಬುದನ್ನು ತೋರಿಸುವ ಹೊಣೆಯು ದೂರುದಾರರದು. ಅಳೆದು ಬರೆದಿಟ್ಟ ಅಂಕಿಗಳ ಬೆಲೆಯು ಆಗ ತಿಳಿಯುತ್ತದೆ. ಪರೀಕ್ಷೆಯಿಲ್ಲದೆ ದೋಷವು ನಿರ್ಣಯವಾಗದಂತಹ ಸಂದರ್ಭದಲ್ಲಿ ಸರಕನ್ನು ಯುಕ್ತವಾದ ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರವನ್ನೂ ಕಾಯಿದೆಯು ಆಯೋಗಕ್ಕೆ ಕೊಟ್ಟಿದೆ.

ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂಬುದು 2019ರ ಕಾಯಿದೆಯ ದೊಡ್ಡ ಉಪಕಾರ. ಶೃಂಗೇರಿಯ ವಿದ್ಯಾರ್ಥಿಯು ಕಂಪೆನಿಯ ಕಚೇರಿ ಇರುವ ಮಹಾನಗರಕ್ಕೆ ಅಲೆಯಬೇಕಾಗಿಲ್ಲ. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ತೆತ್ತ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣವು ಉಂಟಾದ 2 ವರ್ಷದೊಳಗೆ ದೂರನ್ನು ಸಲ್ಲಿಸಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ಇತ್ಯರ್ಥವಾಗುವುದುಂಟು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ದುರಸ್ತಿ ಮಾಡಿಸಿಕೊಳ್ಳುವುದೇ ಗ್ರಾಹಕರ ಹಕ್ಕೆಂಬ ವಿಚಾರವು ಜಗತ್ತಿನಲ್ಲಿ ಬೆಳೆಯುತ್ತಿದೆ. ಫ್ರಾನ್ಸ್ ದೇಶವು 2021ರ ಜನವರಿಯಿಂದ, ಲ್ಯಾಪ್‌ಟಾಪು ಮೊದಲಾದ ಸಾಧನಗಳ ಮೇಲೆ ಅವು ಎಷ್ಟು ಸುಲಭವಾಗಿ ದುರಸ್ತಿಯಾಗಬಲ್ಲವೆಂಬುದನ್ನು ಹತ್ತಕ್ಕೆ ಇಷ್ಟು ಎಂಬ ಅಂಕದಿಂದ ನಮೂದಿಸಬೇಕೆಂದು ವಿಧಿಸಿತು. ಭಾರತ ಸರಕಾರದ ಗ್ರಾಹಕ ವ್ಯವಹಾರ ಇಲಾಖೆಯು 2022ರಲ್ಲಿ ಈ ಕುರಿತು ಸಮಿತಿಯನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ದುರಸ್ತಿಯ ಮಾಹಿತಿಗಾಗಿ ಒಂದು ಜಾಲತಾಣವನ್ನು ಆರಂಭಿಸಿತು. ಧಾರಕವೊಂದು ಕೆಟ್ಟುದಕ್ಕಾಗಿ ಇಡೀ ಫಲಕವನ್ನು ಎಸೆಯುವುದು ಹಣದ ನಷ್ಟ ಮಾತ್ರವಲ್ಲ. ಆ ತಾಮ್ರ, ತವರ, ಚಿನ್ನಗಳನ್ನು ಭೂಮಿಯಿಂದ ಮತ್ತೆ ಅಗೆಯಬೇಕಾಗುತ್ತದೆಂಬುದನ್ನೂ ನೆನೆಯಬೇಕು.

ರಕ್ಷಣೋಪಾಯಗಳು

ಅಟ್ಟದ ಮೇಲೆ ಅಡಕೆಯನ್ನು ಕಾಪಾಡಿದ ತತ್ತ್ವವೇ ಲ್ಯಾಪ್‌ಟಾಪನ್ನೂ ಕಾಪಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ಗಾಳಿಯ ನೀರಾವಿಯು 19.6 ಗ್ರಾಂ ಇದ್ದಿತಷ್ಟೆ. ಆ ಗಾಳಿಯನ್ನು 28 ಡಿಗ್ರಿಗೆ ಬಿಸಿ ಮಾಡಿದರೆ ಸಾಪೇಕ್ಷ ಆರ್ದ್ರತೆಯು 19.6 ÷ 27.2, ಅಂದರೆ ಶೇಕಡ 72ಕ್ಕೆ ಇಳಿಯುತ್ತದೆ. ನಾಲ್ಕು ಡಿಗ್ರಿಯಿಂದ ಇಷ್ಟು ಲಾಭ! ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ನಡೆಸುವುದು ಮೇಲು. ಅದರ ಸ್ವಂತ ಶಾಖವೇ ಅದನ್ನು ಒಣಗಿಸುತ್ತದೆ. ಮುಚ್ಚಿಡಲೇಬೇಕಾದರೆ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡಬೇಕು. ತೇವದ ಗಾಳಿಯಲ್ಲಿ ಅದು ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟು ನೀರನ್ನು ಹೀರಬಲ್ಲದು. ಬಿಸಿ ಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಅಕ್ಕಿಯಲ್ಲಿ ಹೂಳುವ ರೂಢಿಯಿಂದ ಅಂತಹ ಪ್ರಯೋಜನವಿಲ್ಲ. ಮಳೆಗಾಲದ ಅಕ್ಕಿಯೇ ತೇವದಿಂದ ಕೂಡಿರುತ್ತದೆ.

ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದಾಗ ಯಂತ್ರವನ್ನು ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಮನೆಯ ಭೂಸಂಪರ್ಕವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿರಿ. ಅದಿಲ್ಲದೆ ಸಿಡಿಲುರಕ್ಷಕ ಸಾಧನವು ಪೂರ್ಣವಾಗಿ ಕೆಲಸ ಮಾಡಲಾರದು. ಎಲ್ಲಕ್ಕಿಂತ ಮಿಗಿಲಾಗಿ, ಬರೆದ ಪಾಠ ಪ್ರಬಂಧಗಳ ಪ್ರತಿಯೊಂದನ್ನು ಬೇರೆಡೆ ಇಡಿರಿ. ಯಂತ್ರಕ್ಕೆ ಬದಲು ಯಂತ್ರವು ದೊರೆತೀತು. ಒಂದು ವರ್ಷದ ಪರಿಶ್ರಮಕ್ಕೆ ಯಾವ ಕಂಪೆನಿಯೂ ವಾರಂಟಿ ಕೊಡುವುದಿಲ್ಲ.

ಅಭ್ಯಾಸಕ್ಕೆ

1. ಕೋಣೆಯ ಉಷ್ಣತೆಯು 28 ಡಿಗ್ರಿ, ಸಾಪೇಕ್ಷ ಆರ್ದ್ರತೆಯು ಶೇಕಡ 80. ಅಲ್ಲಿ 24 ಡಿಗ್ರಿಯಲ್ಲಿರುವ ಲ್ಯಾಪ್‌ಟಾಪನ್ನು ತಂದಿಟ್ಟರೆ ಇಬ್ಬನಿ ಕೂರುವುದೆ? 22 ಡಿಗ್ರಿಯಲ್ಲಿದ್ದರೆ? ಮೇಲೆ ಕೊಟ್ಟ ಅಂಕಿಗಳಿಂದ ತೀರ್ಮಾನಿಸಿರಿ.

2. ತಂತಿಗಳ ಕುಣಿಕೆಯನ್ನು ಚಿಕ್ಕದು ಮಾಡಿದರೆ ಸಿಡಿಲಿನಿಂದ ಪ್ರೇರಿತವಾಗುವ ವಿಭವಾಂತರವು ಏಕೆ ಕಡಮೆಯಾಗುತ್ತದೆ? ನಿಮ್ಮ ಮನೆಯಲ್ಲಿ ಅದನ್ನು ಹೇಗೆ ಸಾಧಿಸಬಹುದು?

3. ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ವಿದ್ಯುತ್ ಸಾಧನದ ವಾರಂಟಿ ಪತ್ರವನ್ನು ಓದಿ, ಅದು ಯಾವ ದೋಷಗಳನ್ನು ಒಳಗೊಂಡಿದೆ, ಯಾವುವನ್ನು ಹೊರಗಿಟ್ಟಿದೆ ಎಂಬುದನ್ನು ಎರಡು ಪಟ್ಟಿಗಳಾಗಿ ಬರೆಯಿರಿ. ಸಾಧನವು ಕೆಡುವುದಕ್ಕೆ ಮೊದಲೇ ಇದನ್ನು ಮಾಡಿರಿ.